ನೋಡಬೇಕಾದ ಬಣ್ಣ, ನೋಡಬಾರದ ಬಣ್ಣ



ಈ ದತ್ತಿ ಉಪನ್ಯಾಸದ ಪತ್ರವನ್ನು ಕಾರ್ಯದರ್ಶಿಗಳು ನನಗೆ ಮೊದಲೇ ಕಳುಹಿಸಿಕೊಟ್ಟಿದ್ದರು. ಅದರಲ್ಲಿರುವುದು ಎರಡೇ ಷರತ್ತು. ವಿಷಯ ವೈದ್ಯಕ್ಕೆ ಸೇರಿದ್ದಾಗಿರಬೇಕು. ಭಾಷೆ ಹೈಸ್ಕೂಲು ಮುಗಿಸಿದವರಿಗೆ ತಿಳಿಯುವ ಕನ್ನಡವಾಗಿರಬೇಕು. ನಿಧಿ ಇಟ್ಟ ಹಿರಿಯರು ಮೇಷ್ಟ್ರಾಗಿದ್ದವರು ಎಂದು ಆ ಎರಡನೆಯ ಷರತ್ತೇ ಹೇಳುತ್ತದೆ. ಮೂವತ್ತೆರಡು ವರ್ಷ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಂಗ್ಲಿಷಿನಲ್ಲೇ ರೋಗಿಗಳನ್ನು ಮಾತಾಡಿಸಿ ಮೈಸೂರಿಗೆ ಮರಳಿದವನು ನಾನು. ನನಗೆ ಮೊದಲನೆಯ ಷರತ್ತಿಗಿಂತ ಎರಡನೆಯದೇ ಕಷ್ಟ. ತಪ್ಪಿದ ಕಡೆ ಮೇಷ್ಟ್ರ ಪರವಾಗಿ ನೀವೇ ಕೆಂಪು ಗೆರೆ ಎಳೆದುಕೊಳ್ಳಿ.

ಒಂದು ಪ್ರಸಂಗದಿಂದ ಶುರುಮಾಡುತ್ತೇನೆ. ಇದು ನನ್ನ ತಪ್ಪಿನ ಪ್ರಸಂಗ.

2008ನೇ ಇಸವಿ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಕಪ್ಪು ಜನಾಂಗದ ಹಿರಿಯರೊಬ್ಬರು ನನ್ನ ಎದುರು ಕೂತಿದ್ದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಸೇರಿ ಅವರ ಕಿಡ್ನಿಗಳನ್ನು ತಿಂದುಹಾಕಿದ್ದವು. ಕೈಯಲ್ಲಿ ಲ್ಯಾಬ್ ವರದಿ ಇತ್ತು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ಆ ಕಾಲದ ವರದಿಗಳಲ್ಲಿ ಎರಡು ಸಾಲು ಅಚ್ಚಾಗುತ್ತಿದ್ದವು: ರೋಗಿ ಆಫ್ರಿಕನ್ ಅಮೆರಿಕನ್ ಆಗಿದ್ದರೆ ಇಷ್ಟು, ಆಗಿರದಿದ್ದರೆ ಇಷ್ಟು. ಅವರ ಕಾಗದದಲ್ಲಿ ಒಂದು ಸಾಲಿನಲ್ಲಿ 22, ಇನ್ನೊಂದರಲ್ಲಿ 18.

‘ರಕ್ತ ಒಂದೇ, ಉತ್ತರ ಎರಡು. ಇದರಲ್ಲಿ ನನ್ನದು ಯಾವುದು ಡಾಕ್ಟರೇ?’ ಎಂದರು.

ನಾನು 22ರ ಮೇಲೆ ಬೆರಳಿಟ್ಟೆ. ಅವರು ತಮ್ಮ ಕೈಯನ್ನು ಮೇಜಿನ ಮೇಲೆ, ನನ್ನ ಕೈಯ ಪಕ್ಕದಲ್ಲಿ, ಊರಿದರು. ನನ್ನನ್ನು ನೀವು ನೋಡುತ್ತಿದ್ದೀರಿ; ನಮ್ಮ ಮನೆಯಲ್ಲೇ ನಾನು ಎಲ್ಲರಿಗಿಂತ ಕಪ್ಪು. ಅವರ ಕೈ ನನ್ನದಕ್ಕಿಂತ ಕೊಂಚ ತಿಳಿಯಾಗಿತ್ತು. ‘ಹಾಗಾದರೆ ನಿಮ್ಮದು ಯಾವ ಸಾಲು?’ ಎಂದು ಕೇಳಿದರು. ನನ್ನದು ‘ಆಗಿರದಿದ್ದರೆ’ ಎಂಬ ಸಾಲು. ಬಿಳಿಯರದ್ದೂ ಅದೇ. ಅವರು ನಕ್ಕು, ಕಾಗದ ಮಡಚಿ, ಅಂಗಿಯ ಜೇಬಿಗೆ ಇಟ್ಟುಕೊಂಡರು. ನಾನೂ ನಕ್ಕೆ. ಮುಂದಿನ ರೋಗಿಯನ್ನು ಕರೆದೆ.

ಆ ನಗುವಿನ ಬೆಲೆ ಎಷ್ಟೆಂದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಅಮೆರಿಕದಲ್ಲಿ ಕಿಡ್ನಿ ಕಸಿಗೆ ಕಾಯುವವರ ಪಟ್ಟಿಯಲ್ಲಿ, ಡಯಾಲಿಸಿಸ್‌ಗೆ ಮುಂಚೆಯೇ, ದಿನ ಎಣಿಕೆ ಶುರುವಾಗಬೇಕಾದರೆ ಈ ಅಂಕಿ 20 ಅಥವಾ ಅದಕ್ಕಿಂತ ಕೆಳಗಿರಬೇಕು. 18 ಆದರೆ ಸಾಲಿನಲ್ಲಿ ನಿಲ್ಲಬಹುದು. 22 ಆದರೆ ಮನೆಗೆ ಹೋಗಬೇಕು.

ವೈದ್ಯರು ಏನು ಹೇಳುತ್ತಾರೆ?

2021ರ ಫೆಬ್ರವರಿಯಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪ್ರಸಿದ್ಧ ಪತ್ರಿಕೆ ಒಂದು ಧ್ವನಿಸಂವಾದವನ್ನು ಹೊರತಂದಿತು. ಅದಕ್ಕೆ ಕೊಟ್ಟ ಪ್ರಚಾರದ ಸಾಲಿನ ತಾತ್ಪರ್ಯ ಇಷ್ಟು: ಯಾವ ವೈದ್ಯನೂ ವರ್ಣದ್ವೇಷಿಯಲ್ಲ, ಅಂದಮೇಲೆ ವೈದ್ಯಕೀಯ ವ್ಯವಸ್ಥೆಯಲ್ಲಿ ವರ್ಣಭೇದ ಇರುವುದು ಹೇಗೆ? ದೇಶದಾದ್ಯಂತ ವೈದ್ಯರೇ ಸಿಡಿದೆದ್ದರು. ಸಂವಾದವನ್ನು ಹಿಂತೆಗೆದುಕೊಂಡರು, ಜೂನ್ ಕೊನೆಗೆ ಪ್ರಧಾನ ಸಂಪಾದಕರು ಹುದ್ದೆ ಬಿಟ್ಟರು. ಗದ್ದಲ ಅಲ್ಲಿಗೆ ಮುಗಿಯಿತು. ಆದರೆ ಆ ಪ್ರಶ್ನೆಯನ್ನು ಕೇಳಿದವರು ಕೆಟ್ಟವರೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 2008ರಲ್ಲಿ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನನ್ನ ಜೊತೆ ಕೆಲಸ ಮಾಡಿದವರ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಮೊದಲನೆಯವರು, ‘ಇದೆಲ್ಲ ಬಡತನದ, ಇನ್ಶೂರೆನ್ಸಿನ ಸಮಸ್ಯೆ; ನಮ್ಮ ಕೊಠಡಿಗೆ ಬಂದಮೇಲೆ ಎಲ್ಲರೂ ಒಂದೇ’ ಎನ್ನುವವರು. ಎರಡನೆಯವರು, ‘ಇತ್ತು, ಹಿಂದಿನವರು ಮಾಡಿದ್ದರು, ಈಗ ಮುಗಿದಿದೆ’ ಎನ್ನುವವರು. ಮೂರನೆಯವರು, ‘ನಮ್ಮೆಲ್ಲರ ಮನಸ್ಸಿನಲ್ಲೂ ಗೊತ್ತಿಲ್ಲದೆ ಕೂತಿದೆ, ತರಬೇತಿ ಕೊಟ್ಟು ತೆಗೆಯಬೇಕು’ ಎನ್ನುವವರು. ಮೂವರ ಮಾತಿನಲ್ಲೂ ಹುರುಳಿದೆ, ಮೂವರ ಮಾತೂ ಅರ್ಧಕ್ಕೆ ನಿಲ್ಲುತ್ತದೆ.

ಮೊದಲನೆಯವರಿಗೆ ಉತ್ತರ 2003ರಲ್ಲೇ ಸಿಕ್ಕಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ದೊಡ್ಡ ವರದಿಯೊಂದು, ಆದಾಯ ಮತ್ತು ವಿಮೆ ಸರಿಸಮನಾಗಿದ್ದಾಗಲೂ ಕಪ್ಪು ಜನರಿಗೆ, ಇತರ ಅಲ್ಪಸಂಖ್ಯಾತರಿಗೆ ಸಿಗುವ ಚಿಕಿತ್ಸೆಯ ಗುಣಮಟ್ಟ ಕಡಿಮೆಯೆಂದು ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಿಸಿ ಹೇಳಿತು. ಅದಕ್ಕೂ ಹತ್ತು ವರ್ಷ ಮೊದಲು, 1993ರಲ್ಲಿ, ಲಾಸ್ ಏಂಜಲೀಸ್ ನಗರದ ತುರ್ತು ಚಿಕಿತ್ಸಾ ವಿಭಾಗವೊಂದರಲ್ಲಿ ಕೈಕಾಲಿನ ಉದ್ದ ಮೂಳೆ ಮುರಿದುಕೊಂಡು ಬಂದ 139 ಜನರ ಲೆಕ್ಕ ತೆಗೆದಿದ್ದರು. ನೋವಿನ ಔಷಧವೇ ಸಿಗದೆ ಹೋದವರು ಬಿಳಿಯರಲ್ಲಿ ಶೇ. 26, ಲ್ಯಾಟಿನ್ ಅಮೆರಿಕ ಮೂಲದ ಹಿಸ್ಪಾನಿಕ್ ಜನರಲ್ಲಿ ಶೇ. 55. ವೈದ್ಯರಿಗೆ ಅವರ ನೋವು ತಿಳಿಯಲಿಲ್ಲವೇನೋ ಎಂದು ಅದೇ ಸಂಶೋಧಕರು ಮುಂದಿನ ವರ್ಷ ಪರೀಕ್ಷಿಸಿದರು. ಎರಡೂ ಗುಂಪಿನವರ ನೋವನ್ನು ವೈದ್ಯರು ಒಂದೇ ಮಟ್ಟದಲ್ಲಿ ಅಂದಾಜು ಮಾಡುತ್ತಿದ್ದರು. ಅಂದರೆ ಕಣ್ಣಿಗೆ ನೋವು ಕಂಡಿತ್ತು, ಕೈ ಮಾತ್ರ ಚೀಟಿ ಬರೆಯಲಿಲ್ಲ. ಯಾಕೆ ಬರೆಯಲಿಲ್ಲವೆಂದು ಆ ವೈದ್ಯರನ್ನು ಕೇಳಿದ್ದರೆ ಅವರಿಗೂ ಉತ್ತರ ತೋಚುತ್ತಿರಲಿಲ್ಲ ಎಂದೇ ನನ್ನ ಊಹೆ.

ಎರಡನೆಯವರು ಹೇಳುವ ಹಿಂದಿನ ಕಾಲ ಅಷ್ಟೇನೂ ಹಿಂದಿನದಲ್ಲ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತಿತು. ಅದು 1932ರಲ್ಲಿ ಶುರುವಾಗಿ ನಿಂತದ್ದು 1972ರಲ್ಲಿ. ವೈದ್ಯಕೀಯ ಕಾಲೇಜುಗಳ ಗುಣಮಟ್ಟ ಅಳೆದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಕಪ್ಪು ಜನರ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಚ್ಚಿದವು. ಹೊವರ್ಡ್ ಮತ್ತು ಮೆಹಾರಿ ಎರಡೇ ಉಳಿದವು. ತನ್ನ ಸಂಘಗಳಿಂದ ಕಪ್ಪು ವೈದ್ಯರನ್ನು ದೂರ ಇಟ್ಟದ್ದಕ್ಕೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಕ್ಷಮೆ ಕೇಳಿದ್ದು 2008ರಲ್ಲಿ. ನನ್ನ ರೋಗಿ ತಮ್ಮ ಕೈಯನ್ನು ನನ್ನ ಕೈಯ ಪಕ್ಕ ಊರಿದ ವರ್ಷವೇ ಅದು.

ಹಳೆಯದು ಹೇಗೆ ಉಳಿದುಕೊಳ್ಳುತ್ತದೆ ಎಂಬುದಕ್ಕೆ 2016ರ ಒಂದು ಅಧ್ಯಯನ ಸಾಕ್ಷಿ. ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರ ಮುಂದೆ ಕೆಲವು ಹೇಳಿಕೆಗಳನ್ನಿಟ್ಟರು. ಕಪ್ಪು ಜನರ ಚರ್ಮ ಬಿಳಿಯರದ್ದಕ್ಕಿಂತ ದಪ್ಪ, ಅವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಇಂಥವು. ಇಂಥ ಸುಳ್ಳುಗಳ ಬೇರು ಗುಲಾಮಗಿರಿಯ ಕಾಲದಲ್ಲಿದೆ. ಸುಮಾರು ಅರ್ಧದಷ್ಟು ಜನ ಇವುಗಳಲ್ಲಿ ಒಂದನ್ನಾದರೂ ನಿಜವಿರಬಹುದೆಂದು ಒಪ್ಪಿದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದು ಎಣಿಸಿದರು, ಅದಕ್ಕೆ ತಕ್ಕ ಹಾಗೆ ಅವರು ಸೂಚಿಸಿದ ಚಿಕಿತ್ಸೆಯೂ ಹೆಚ್ಚು ತಪ್ಪಿತು. ಯಾವ ಪಠ್ಯಪುಸ್ತಕವೂ ಅವರಿಗೆ ಇದನ್ನು ಕಲಿಸಿರಲಾರದು. ಮನೆಯ ಗೋಡೆಯಿಂದ ಗೋಡೆಗೆ ಒರತೆ ಇಳಿದ ಹಾಗೆ ಇಳಿದು ಬಂದಿತ್ತು.

ಕಾಮಾಲೆ ಕಣ್ಣು

ಮೂರನೆಯವರ ಮಾತಿಗೆ ಬರೋಣ. ಅರಿವಿಗೆ ಬಾರದೆ ಕೆಲಸ ಮಾಡುವ ಪೂರ್ವಗ್ರಹವನ್ನು ನಾನು ‘ಒಳಗ್ರಹ’ ಎಂದು ಕರೆಯುತ್ತೇನೆ. ಪದ ಹಿಡಿಸದಿದ್ದರೆ ಬೇರೆ ಇಡಿ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಎಂದು ನಮ್ಮಲ್ಲಿ ಗಾದೆಯುಂಟು. ವೈದ್ಯನಾಗಿ ಒಂದು ತಿದ್ದುಪಡಿ ಹೇಳಬೇಕು: ಕಾಮಾಲೆಯಾದವನಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಅವನಿಗೆ ಎಲ್ಲ ಮಾಮೂಲಿನ ಹಾಗೇ ಕಾಣುತ್ತದೆ. ಅವನ ಕಣ್ಣು ಹಳದಿಯಾಗಿರುವುದು ಎದುರಿಗೆ ಕೂತವರಿಗೆ ಮಾತ್ರ ಗೊತ್ತು. ಒಳಗ್ರಹದ ಸ್ವಭಾವಕ್ಕೆ ಗಾದೆಗಿಂತ ರೋಗವೇ ಹತ್ತಿರದ ಹೋಲಿಕೆ.

ಇದನ್ನು ಅಳೆಯಲು 1998ರಲ್ಲಿ ಒಂದು ಪರೀಕ್ಷೆ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಮಹಝರೀನ್ ಬನಾಜಿ ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಬೆಳೆದವರು. ಪರದೆಯ ಮೇಲೆ ಬಿಳಿಯ ಮುಖ, ಕಪ್ಪು ಮುಖ, ಒಳ್ಳೆಯ ಪದ, ಕೆಟ್ಟ ಪದ ಸರಸರನೆ ಬರುತ್ತವೆ; ಯಾವ ಜೋಡಿಗೆ ನಿಮ್ಮ ಬೆರಳು ಬೇಗ ಓಡುತ್ತದೆ ಎಂದು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ‘ನನಗೆ ಭೇದವಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದುಕೊಟ್ಟ ವೈದ್ಯರ ಬೆರಳುಗಳೂ ಬಿಳಿಯರ ಕಡೆಗೇ ವಾಲಿದವು. 2007ರಲ್ಲಿ ಬಾಸ್ಟನ್ ಮತ್ತು ಅಟ್ಲಾಂಟಾದ ಕಿರಿಯ ವೈದ್ಯರ ಮೇಲೆ ನಡೆದ ಅಧ್ಯಯನದಲ್ಲಿ, ಬೆರಳು ಹೆಚ್ಚು ವಾಲಿದವರು ಹೃದಯಾಘಾತದ ಕಪ್ಪು ರೋಗಿಗೆ ಹೆಪ್ಪು ಕರಗಿಸುವ ಔಷಧ ಕೊಡುವ ಸಂಭವ ಕಡಿಮೆ ಇತ್ತು.

ಇಲ್ಲಿ ನಾವು ಹುಷಾರಾಗಿರಬೇಕು. ಆಮೇಲಿನ ಹಲವು ಅಧ್ಯಯನಗಳಲ್ಲಿ ಬೆರಳಿನ ವಾಲಿಕೆ ಸಿಕ್ಕಿತೇ ಹೊರತು ಅದಕ್ಕೂ ಬರೆದ ಚೀಟಿಗೂ ನಂಟು ಸಿಗಲಿಲ್ಲ. ವಾಲಿಕೆಯನ್ನು ಸರಿಪಡಿಸುವ ಒಂಬತ್ತು ವಿಧಾನಗಳನ್ನು 2016ರಲ್ಲಿ ಪರೀಕ್ಷಿಸಿದಾಗ, ಎಲ್ಲವೂ ಆ ಗಳಿಗೆಗೆ ಫಲ ಕೊಟ್ಟು, ಕೆಲವು ಗಂಟೆ ಅಥವಾ ಕೆಲವು ದಿನ ಕಳೆಯುವಷ್ಟರಲ್ಲಿ ಇಳಿದುಹೋದವು. ನಾನಿದ್ದ ಮಿಷಿಗನ್ನಿನಲ್ಲಿ 2022ರ ಜೂನ್‌ನಿಂದ ವೈದ್ಯರ ಪರವಾನಗಿಗೆ ಈ ತರಬೇತಿ ಕಡ್ಡಾಯ. ತರಬೇತಿ ಬೇಡವೆಂದು ನಾನು ಹೇಳುವುದಿಲ್ಲ. ಗಂಗೆಯಲ್ಲಿ ಮುಳುಗಿ ಎದ್ದಷ್ಟಕ್ಕೆ ಪಾಪ ಹೋಯಿತೆಂದು ಮನೆಗೆ ಬಂದುಬಿಡಬೇಡಿ, ಅಷ್ಟೆ.

ಅಂಕಿಗಳನ್ನು ಬಿಡಿಸಿ ನೋಡಬೇಕೆನ್ನುವುದಕ್ಕೆ ಇನ್ನೊಂದು ಪ್ರಸಂಗ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 720 ವೈದ್ಯರಿಗೆ ಎದೆನೋವಿನ ರೋಗಿಗಳ ವಿಡಿಯೋ ತೋರಿಸಿದರು. ರೋಗಿಗಳೆಲ್ಲ ನಟರು, ಮಾತು, ಗೌನು, ಕೈಸನ್ನೆ ಎಲ್ಲ ಒಂದೇ. ಹೃದಯದ ಕ್ಯಾಥೆಟರ್ ಪರೀಕ್ಷೆಗೆ ಯಾರನ್ನು ಕಳುಹಿಸುತ್ತೀರಿ ಎಂದು ಕೇಳಿದರು. ಕಪ್ಪು ಜನರಿಗೂ ಹೆಂಗಸರಿಗೂ ಅವಕಾಶ ಶೇ. 40ರಷ್ಟು ಕಡಿಮೆ ಎಂದು ಪತ್ರಿಕೆಗಳು ಡಂಗುರ ಸಾರಿದವು. ಕೆಲವೇ ತಿಂಗಳಲ್ಲಿ ಬೇರೆ ಮೂವರು ವೈದ್ಯರು ಲೆಕ್ಕ ಬಿಡಿಸಿ, ಅದು ಅತಿಯಾಯಿತೆಂದು ತೋರಿಸಿದರು. ಬಿಳಿಯ ಗಂಡಸು, ಬಿಳಿಯ ಹೆಂಗಸು, ಕಪ್ಪು ಗಂಡಸು ಈ ಮೂವರಿಗೂ ಸಿಕ್ಕಿದ್ದು ಒಂದೇ, ಶೇ. 90.6. ಕಪ್ಪು ಹೆಂಗಸಿಗೆ ಮಾತ್ರ ಶೇ. 78.8. ಡಂಗುರ ಸಾರಿದವರಿಗೂ ಅದನ್ನು ಅಲ್ಲಗಳೆದು ಕೈತೊಳೆದುಕೊಂಡವರಿಗೂ ತಪ್ಪಿಹೋದದ್ದು ಆ ನಾಲ್ಕನೆಯವಳು. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಬಿಳಿಯ ತಾಯಂದಿರ ಸಾವು 14.5, ಕಪ್ಪು ತಾಯಂದಿರ ಸಾವು 50.3. ಅವಳು ಈಗಲೂ ಅಲ್ಲೇ ನಿಂತಿದ್ದಾಳೆ.

ಸೂತ್ರದೊಳಗಿನ ಬಣ್ಣ

ಹೀಗೆ ಮೂರೂ ಗುಂಪಿನವರು ವೈದ್ಯನ ಎದೆಯೊಳಗೆ ಇಣುಕಿ ನೋಡುತ್ತಾರೆ. ಒಬ್ಬರಿಗೆ ಅಲ್ಲಿ ದ್ವೇಷವಿಲ್ಲ, ಒಬ್ಬರಿಗೆ ಇತ್ತು, ಒಬ್ಬರಿಗೆ ಅಡಗಿದೆ. 2008ರ ಆ ಮಧ್ಯಾಹ್ನ ನನ್ನ ಎದೆಯೊಳಗೆ ಏನೂ ಇರಲಿಲ್ಲ ಎಂದೇ ಇಟ್ಟುಕೊಳ್ಳಿ. ಆದರೂ ತಪ್ಪು ಆಯಿತು. ಆ ತಪ್ಪು ನನ್ನ ಕೈಯಲ್ಲಿದ್ದ ಕಾಗದದಲ್ಲಿತ್ತು.

ಆ ಸೂತ್ರದ ಕಥೆ ಇಷ್ಟು. ಸ್ನಾಯುಗಳು ಸವೆದಂತೆ ಕ್ರಿಯಾಟಿನಿನ್ ಎಂಬ ವಸ್ತು ರಕ್ತಕ್ಕೆ ಬರುತ್ತದೆ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ರಕ್ತದಲ್ಲಿ ಅದು ಏರಿದರೆ ಸೋಸುವ ಕೆಲಸ ಕುಂದಿದೆ ಎಂದರ್ಥ. ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರ 1999ರಲ್ಲಿ 1,628 ರೋಗಿಗಳ ಅಧ್ಯಯನದಿಂದ ಬಂತು. ಅವರಲ್ಲಿ ಸ್ವಲ್ಪವೇ ಇದ್ದ ಕಪ್ಪು ರೋಗಿಗಳ ಕ್ರಿಯಾಟಿನಿನ್ ಕೊಂಚ ಹೆಚ್ಚು ಕಂಡಿತು. ಅವರ ಮೈಯಲ್ಲಿ ಸ್ನಾಯು ಹೆಚ್ಚಿರಬೇಕು ಎಂದು ವಿವರಣೆ ಕೊಟ್ಟು, ಕಪ್ಪು ಜನರ ಅಂಕಿಯನ್ನು ಶೇ. 18ರಿಂದ 21ರಷ್ಟು ಏರಿಸುವ ಗುಣಕ ಸೇರಿಸಿದರು. 2009ರ ಹೊಸ ಸೂತ್ರದಲ್ಲಿ ಅದು ಶೇ. 16ರ ಆಸುಪಾಸಿಗೆ ಇಳಿಯಿತು. ಉದ್ದೇಶ ಕೆಟ್ಟದಾಗಿರಲಿಲ್ಲ, ಅಂಕಿ ಹೆಚ್ಚು ನಿಖರವಾಗಲಿ ಎಂದೇ ಮಾಡಿದ್ದು. ಆದರೆ ಒಬ್ಬೊಬ್ಬರ ಸ್ನಾಯುವನ್ನು ಯಾರೂ ತೂಗಲಿಲ್ಲ. ನೋಂದಣಿ ಗುಮಾಸ್ತರು ಒತ್ತಿದ ಒಂದು ಗುಂಡಿಯೇ ತಕ್ಕಡಿಯಾಯಿತು. ಮುಪ್ಪಿನಲ್ಲಿ ಒಣಗಿಹೋದ ನನ್ನ ರೋಗಿಗೂ ಕುಸ್ತಿಪಟುವಿಗೂ ಒಂದೇ ಗುಣಕ.

ಇಂಥ ಸೂತ್ರಗಳು ಇನ್ನೂ ಇದ್ದವು. ಶ್ವಾಸಕೋಶ ಅಳೆಯುವ ಸ್ಪೈರೋಮೀಟರಿನಲ್ಲಿ ಕಪ್ಪು ಜನರಿಗೆ ಶೇ. 10ರಿಂದ 15, ನಮ್ಮಂಥ ಏಷ್ಯಾದವರಿಗೆ ಶೇ. 4ರಿಂದ 6 ಕಡಿಮೆ ಇದ್ದರೂ ‘ಸಹಜ’ ಎಂದು ಯಂತ್ರವೇ ತೀರ್ಮಾನಿಸುತ್ತಿತ್ತು. ಧೂಳಿನಲ್ಲಿ ದುಡಿದು ಉಸಿರು ಕಳೆದುಕೊಂಡ ಕೂಲಿಯವನಿಗೆ ಪರಿಹಾರ ಸಿಗಬೇಕಾದರೆ ಅವನ ಶ್ವಾಸಕೋಶ ಬಿಳಿಯನದ್ದಕ್ಕಿಂತ ಹೆಚ್ಚು ಹಾಳಾಗಬೇಕಿತ್ತು. 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಜನಾಂಗ ನೋಡದ ಲೆಕ್ಕವನ್ನು ಶಿಫಾರಸು ಮಾಡಿತು.

ಮನುಷ್ಯರ ಕೈಬಿಟ್ಟು ಯಂತ್ರಕ್ಕೇ ಒಪ್ಪಿಸಿದರೆ ಸರಿಹೋದೀತೇ? ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುತ್ತಿದ್ದ ಒಂದು ಕಂಪ್ಯೂಟರ್ ಲೆಕ್ಕವನ್ನು 2019ರಲ್ಲಿ ಪರೀಕ್ಷಿಸಿದರು. ಅದಕ್ಕೆ ಜನಾಂಗ ಗೊತ್ತೇ ಇರಲಿಲ್ಲ. ಯಾರಿಗೆ ಖರ್ಚು ಹೆಚ್ಚಾಗಿದೆಯೋ ಅವರ ಕಾಯಿಲೆ ಹೆಚ್ಚು ಎಂದು ಅದು ಭಾವಿಸಿತ್ತು. ಚಿಕಿತ್ಸೆಯೇ ಸಿಗದವರಿಗೆ ಖರ್ಚು ಎಲ್ಲಿಂದ ಬರಬೇಕು? ಲೆಕ್ಕ ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವ ಕಪ್ಪು ರೋಗಿಗಳ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆಂದು ಕಂಡುಬಂತು.

ಬೆರಳ ತುದಿಯ ಬಣ್ಣ

ಈಗ ನಿಮಗೆಲ್ಲ ಪರಿಚಯವಿರುವ ಒಂದು ಉಪಕರಣ. ಕೋವಿಡ್ ಹಬ್ಬಿದ್ದ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಊರುಗಳಲ್ಲಿ ‘ಊಟ ಆಯ್ತಾ’ ಎನ್ನುವ ಬದಲು ‘ಸ್ಯಾಚುರೇಶನ್ ಎಷ್ಟಿದೆ’ ಎಂದು ಕೇಳುತ್ತಿದ್ದೆವು. ಆಶಾ ಕಾರ್ಯಕರ್ತೆಯರು, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಿಡಿದು ಮನೆಮನೆ ತಿರುಗಿದರು. 94 ಎಂಬ ಅಂಕಿ ಲಕ್ಷ್ಮಣರೇಖೆಯಾಗಿತ್ತು.

ಜಪಾನಿನ ಟಕುವೊ ಅಒಯಾಗಿ 1974ರಲ್ಲಿ ಮುಂದಿಟ್ಟ ಇದರ ತತ್ತ್ವ ಸೊಗಸಾದದ್ದು. ಒಂದು ಕೆಂಪು ಬೆಳಕು, ಸುಮಾರು 660 ನ್ಯಾನೋಮೀಟರಿನದು. ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು, ಸುಮಾರು 940ರದು. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ಹಾಯಲು ಬಿಡುತ್ತದೆ, ಹೊರದ ರಕ್ತ ಹೀರಿಕೊಳ್ಳುತ್ತದೆ. ನಾಡಿ ಬಡಿದಾಗ ಬದಲಾಗುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಚರ್ಮ, ಮೂಳೆ ಎಲ್ಲ ಕಳೆದುಹೋಗಿ ರಕ್ತ ಮಾತ್ರ ಉಳಿಯಬೇಕು. ಕಾಗದದ ಮೇಲೆ ಹಾಗೆ. ಆದರೆ ಚರ್ಮದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ, ಮತ್ತು ಬೆಳಕಿನ ಯಾವ ಪ್ರಮಾಣಕ್ಕೆ ಯಾವ ಅಂಕಿ ಎಂಬುದನ್ನು ಸ್ವಯಂಸೇವಕರ ಮೇಲೆ ಪರೀಕ್ಷಿಸಿಯೇ ಗೊತ್ತುಮಾಡಬೇಕು. ಆ ಸ್ವಯಂಸೇವಕರಲ್ಲಿ ಹೆಚ್ಚಿನವರು ತಿಳಿಬಣ್ಣದವರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿಗೆ ಹತ್ತು ಜನರಲ್ಲಿ ಇಬ್ಬರು ಕಪ್ಪು ಮೈಬಣ್ಣದವರಿದ್ದರೆ ಸಾಕಿತ್ತು.

2020ರ ಡಿಸೆಂಬರಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೈಕೆಲ್ ಶೋಡಿಂಗ್ ಮತ್ತು ಸಂಗಡಿಗರು ಬೆರಳಿನ ಅಂಕಿಯನ್ನು ಧಮನಿಯ ರಕ್ತ ತೆಗೆದು ಅಳೆದ ಅಂಕಿಯ ಜೊತೆ ಹೋಲಿಸಿದರು. ಯಂತ್ರ 92ರಿಂದ 96 ಎಂದು ಸಮಾಧಾನ ಹೇಳುತ್ತಿದ್ದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ರೋಗಿಗಳಲ್ಲಿ ಶೇ. 11.7. ಇದು ಹೊಸ ಸುದ್ದಿಯೂ ಆಗಿರಲಿಲ್ಲ. 1990ರಲ್ಲೇ, ಮತ್ತೆ 2005ರಲ್ಲಿ, ಸಂಶೋಧಕರು ಎಚ್ಚರಿಸಿದ್ದರು. ಕೋವಿಡ್ ಕಾಲದ ಇನ್ನೊಂದು ದೊಡ್ಡ ಅಧ್ಯಯನ 2022ರಲ್ಲಿ ಬಂತು. ಕಪ್ಪು, ಹಿಸ್ಪಾನಿಕ್ ರೋಗಿಗಳ ಜೊತೆ ಏಷ್ಯಾ ಮೂಲದವರಲ್ಲೂ ಯಂತ್ರ ಅಂಕಿಯನ್ನು ಏರಿಸಿ ಹೇಳಿತ್ತು. 2021ರ ಮೇ ತಿಂಗಳಲ್ಲಿ ನಮ್ಮಲ್ಲಿ 94 ನೋಡಿ ಮನೆಯಲ್ಲೇ ಉಳಿದವರ ನಿಜವಾದ ಅಂಕಿ ಎಷ್ಟಿತ್ತೋ, ರಕ್ತ ತೆಗೆದು ನೋಡಿದವರಾರು?

ನನ್ನ ರೋಗಿಯೂ ನಾನೂ ಮೇಜಿನ ಮೇಲೆ ಕೈ ಊರಿ ಕೂತ ಚಿತ್ರವನ್ನು ಈಗ ಮತ್ತೆ ನೋಡಿ. ಕಿಡ್ನಿಯ ಸೂತ್ರ ನಮ್ಮಿಬ್ಬರನ್ನೂ ಬೇರೆ ಬೇರೆ ಸಾಲಿಗೆ ಹಾಕಿತು. ಅದು ನೋಡಿದ್ದು ಚರ್ಮವನ್ನಲ್ಲ, ನೋಂದಣಿ ಪುಸ್ತಕದ ಹಣೆಪಟ್ಟಿಯನ್ನು. ಆಕ್ಸಿಮೀಟರಿಗೆ ಹಣೆಪಟ್ಟಿ ಗೊತ್ತಿಲ್ಲ. ಅದರ ಬೆಳಕು ತಟ್ಟುವುದು ಚರ್ಮಕ್ಕೆ, ಅಲ್ಲಿ ನಮ್ಮಿಬ್ಬರ ಬೆರಳೂ ಒಂದೇ ಕಡೆ ತಪ್ಪುತ್ತವೆ. ಕಿಡ್ನಿ ಅಳೆಯುವಾಗ ಬಣ್ಣ ನೋಡಬಾರದಿತ್ತು, ನೋಡಿದೆವು. ಆಮ್ಲಜನಕ ಅಳೆಯುವಾಗ ನೋಡಬೇಕಿತ್ತು, ನೋಡಲಿಲ್ಲ. ‘ನಾನು ಬಣ್ಣವನ್ನೇ ನೋಡುವುದಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ವೈದ್ಯರನ್ನು ಕಂಡರೆ ನನಗೀಗ ಅಳುಕು. ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು ಎಂಬುದು ವಿದ್ಯೆ. ಒಳ್ಳೆಯತನ ಅದಕ್ಕೆ ಬದಲಿಯಾಗಲಾರದು.

ಈ ವಿದ್ಯೆ ನಮಗೆ ಪೂರಾ ಹೊಸದಲ್ಲ. ರಕ್ತಹೀನತೆ ನೋಡಲು ನಮ್ಮ ಗುರುಗಳು ಕೆಳರೆಪ್ಪೆ ಎಳೆದು ತೋರಿಸುತ್ತಿದ್ದರು, ನಾಲಿಗೆ ಚಾಚಿಸುತ್ತಿದ್ದರು, ಅಂಗೈ ಬಿಡಿಸಿ ನೋಡುತ್ತಿದ್ದರು. ಕಪ್ಪು ಮೈ ತನ್ನ ಬಿಳುಪನ್ನು ಅಡಗಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಿಳಿಯ ಚರ್ಮದ ಚಿತ್ರಗಳೇ ತುಂಬಿದ ಪುಸ್ತಕ ಓದಿ ಬಂದ ಸಹೋದ್ಯೋಗಿಗಳಿಗೆ ಕಾಣದ ನೀಲಿ ತುಟಿ ನನಗೆ ಕಂಡ ದಿನಗಳಿವೆ. ಅದೇ ನಾನು ಎರಡು ಸಾಲಿನ ಕಾಗದದ ಮುಂದೆ ಕುರುಡನಾದೆ.

ಒಪ್ಪದವರ ಮಾತು, ಫಲ ಕೊಟ್ಟ ದಾರಿ

ಎಲ್ಲ ವೈದ್ಯರೂ ಈ ಬದಲಾವಣೆಗಳಿಗೆ ತಲೆದೂಗಿಲ್ಲ, ಅವರ ಮಾತನ್ನೂ ಕೇಳಬೇಕು. ಸ್ಪೈರೋಮೀಟರಿನ ಹೊಸ ಲೆಕ್ಕದಿಂದ ಪರಿಹಾರ ಸಿಗುವವರು ಹೆಚ್ಚುತ್ತಾರೆ. ಅದೇ ಲೆಕ್ಕದಿಂದ ಕೆಲವು ಕಪ್ಪು ರೋಗಿಗಳಿಗೆ ‘ಶ್ವಾಸಕೋಶ ಸಾಲದು’ ಎಂದು ಕ್ಯಾನ್ಸರ್ ಶಸ್ತ್ರಚಿಕಿತ್ಸೆ ತಪ್ಪಬಹುದು ಎಂಬ ಅವರ ಆತಂಕ ನ್ಯಾಯವಾದದ್ದು. ಇನ್ನೊಂದು ಎಚ್ಚರಿಕೆ: ಕಪ್ಪು ವೈದ್ಯರು ನೋಡಿಕೊಂಡರೆ ಕಪ್ಪು ನವಜಾತ ಶಿಶುಗಳ ಸಾವು ಕಡಿಮೆಯೆಂದು ಫ್ಲಾರಿಡಾದ ಹೆರಿಗೆಗಳನ್ನು ಆಧರಿಸಿ 2020ರಲ್ಲಿ ಬಂದ ಅಧ್ಯಯನ ಜಗತ್ತೆಲ್ಲ ಸುತ್ತಿತು. 2024ರಲ್ಲಿ ಬೇರೆಯವರು ಅದೇ ಅಂಕಿಗಳಿಗೆ 1,500 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳ ವಿಚಾರ ಸೇರಿಸಿ ನೋಡಿದಾಗ ವ್ಯತ್ಯಾಸ ಬಹುಮಟ್ಟಿಗೆ ಕರಗಿತು. ನ್ಯಾಯದ ಪರವಾಗಿರುವ ಅಂಕಿಯನ್ನೂ ಮಿಕ್ಕ ಅಂಕಿಗಳಷ್ಟೇ ಕಟ್ಟುನಿಟ್ಟಾಗಿ ಉಜ್ಜಿ ನೋಡಬೇಕು.

ಹಾಗಾದರೆ ಫಲ ಕೊಟ್ಟದ್ದು ಯಾವುದು? 1966ರಲ್ಲಿ ವೃದ್ಧರಿಗಾಗಿ ಇರುವ ಸರ್ಕಾರಿ ವಿಮೆಯಾದ ಮೆಡಿಕೇರ್ ಯೋಜನೆಯ ಹಣ ಬೇಕಾದರೆ ಬಿಳಿಯರಿಗೊಂದು ಕಪ್ಪು ಜನರಿಗೊಂದು ವಾರ್ಡ್ ಇರಕೂಡದೆಂದು ಸರ್ಕಾರ ಹೇಳಿತು. ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಗೋಡೆ ತೆಗೆದವು. ಆ ವೈದ್ಯರ ಎದೆ ಬದಲಾಗಿತ್ತೋ ಇಲ್ಲವೋ, ಬಾಗಿಲು ತೆರೆಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಔಷಧ ಯಾರಿಗೆ ಬೇಕೆಂದು ಪ್ರತಿ ರೋಗಿಗೂ ಕಡ್ಡಾಯವಾಗಿ ಪಟ್ಟಿ ತುಂಬಿಸುವಂತೆ ಕಂಪ್ಯೂಟರಿನಲ್ಲಿ ಏರ್ಪಾಡು ಮಾಡಿದರು. ಉದ್ದೇಶ ಎಲ್ಲರಿಗೂ ಸರಿಯಾದ ಔಷಧ ಸಿಗಲಿ ಎಂಬುದಷ್ಟೇ. ಕಪ್ಪು ಬಿಳಿಯರ ನಡುವೆ ಇದ್ದ ಅಂತರವೂ ಜೊತೆಗೇ ಅಳಿಸಿಹೋಯಿತು.

ಕಿಡ್ನಿಯ ಸೂತ್ರವನ್ನು ಬದಲಿಸಿದ್ದರಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ತರಗತಿಯಲ್ಲಿ ಕೈ ಎತ್ತಿ, ‘ಈ ಗುಣಕ ಯಾಕೆ’ ಎಂದು ಕೇಳಿದವರು ಅವರು. 2017ರಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ ಅದನ್ನು ಕೈಬಿಟ್ಟಿತು. 2021ರಲ್ಲಿ ಕಿಡ್ನಿ ತಜ್ಞರ ರಾಷ್ಟ್ರೀಯ ಕಾರ್ಯಪಡೆ ಜನಾಂಗವಿಲ್ಲದ ಹೊಸ ಸೂತ್ರ ಒಪ್ಪಿತು. 2023ರ ಜನವರಿಯಿಂದ, ಹಳೆಯ ಗುಣಕದಿಂದಾಗಿ ಕಳೆದುಕೊಂಡ ಕಾಯುವ ದಿನಗಳನ್ನು ಕಪ್ಪು ರೋಗಿಗಳ ಲೆಕ್ಕಕ್ಕೆ ಹಿಂದಿರುಗಿಸತೊಡಗಿದರು. ಮುಂದಿನ ಒಂದು ವರ್ಷದ ಸುಮಾರಿಗೆ 14 ಸಾವಿರಕ್ಕೂ ಹೆಚ್ಚು ಜನರಿಗೆ ಸರಾಸರಿ ಎರಡು ವರ್ಷದಷ್ಟು ಕಾಲ ಮರಳಿತು. ಅಮೆರಿಕದ ವೈದ್ಯಕೀಯದಲ್ಲಿ ತಪ್ಪನ್ನು ಒಪ್ಪಿಕೊಂಡವರು ಹಲವರು. ಕಸಿದ ಕಾಲವನ್ನು ಎಣಿಸಿ ವಾಪಸು ಕೊಟ್ಟದ್ದು ನನಗೆ ತಿಳಿದಂತೆ ಅಪರೂಪ.

ಇದು ಸಾಧ್ಯವಾದದ್ದು ಅಲ್ಲಿನ ದಾಖಲೆಗಳಲ್ಲಿ ಜನಾಂಗ ಬರೆದಿಟ್ಟಿದ್ದರಿಂದ ಎಂಬುದನ್ನು ಮರೆಯಬಾರದು. ಸೂತ್ರದಿಂದ ತೆಗೆದದ್ದನ್ನು ರಿಜಿಸ್ಟರಿನಲ್ಲಿ ಉಳಿಸಿಕೊಂಡರು. ಇಲ್ಲದಿದ್ದರೆ ಅಂತರ ಎಷ್ಟೆಂದು ಎಣಿಸುವುದು ಹೇಗೆ? ನಮ್ಮಲ್ಲಿ ‘ಯಾವ ಊರು, ಯಾರ ಪೈಕಿ’ ಎಂದು ಬಾಯಲ್ಲಿ ಕೇಳುತ್ತೇವೆ. ಕೇಳಿದಮೇಲೆ ನೋವಿನ ಇಂಜೆಕ್ಷನ್ ಯಾರಿಗೆ ಎಷ್ಟು ಹೊತ್ತಿಗೆ ಸಿಕ್ಕಿತೆಂದು ಲೆಕ್ಕ ಇಡುತ್ತೇವೆಯೇ? ಈ ಪ್ರಶ್ನೆಯನ್ನು ಇಲ್ಲಿರುವ ವಿದ್ಯಾರ್ಥಿಗಳಿಗೆ ಬಿಡುತ್ತೇನೆ. ಅಲ್ಲೂ ಕೈ ಎತ್ತಿದವರು ನಿಮ್ಮ ವಯಸ್ಸಿನವರೇ.

ನನ್ನ ರೋಗಿಯ ಹೆಸರು ಆ 14 ಸಾವಿರದಲ್ಲಿ ಇಲ್ಲ. ಅವರು 2011ರಲ್ಲಿ, ಡಯಾಲಿಸಿಸ್ ಹತ್ತಿದ ಎರಡನೆಯ ವರ್ಷ, ತೀರಿಕೊಂಡರು. 2008ರಲ್ಲೇ ಸಾಲಿನಲ್ಲಿ ನಿಂತಿದ್ದರೆ ಕಿಡ್ನಿ ಸಿಗುತ್ತಿತ್ತೆಂದು ಹೇಳಲಾರೆ. ಆ ಸಾಲು ಉದ್ದ, ಅವರ ಹೃದಯವೂ ದುರ್ಬಲವಾಗಿತ್ತು. ಅವರು ನನ್ನಲ್ಲಿ ಕೇಳಿದ್ದು ನ್ಯಾಯವನ್ನೂ ಅಲ್ಲ, ಕಿಡ್ನಿಯನ್ನೂ ಅಲ್ಲ. ಒಂದು ಸರಳ ಪ್ರಶ್ನೆ ಕೇಳಿದ್ದರು. ‘ನನಗೂ ಗೊತ್ತಿಲ್ಲ, ಲ್ಯಾಬಿನವರನ್ನು ಕೇಳಿ ನಾಳೆ ಹೇಳುತ್ತೇನೆ’ ಎಂದಿದ್ದರೆ ಸಾಕಿತ್ತು. ಕೇಳಿದ್ದರೆ ಲ್ಯಾಬಿನವರಿಗೂ ಉತ್ತರ ಸಿಗುತ್ತಿರಲಿಲ್ಲ, ಅವರು ಇನ್ನೊಬ್ಬರನ್ನು ಕೇಳುತ್ತಿದ್ದರು. ಪ್ರಶ್ನೆ ಹಾಗೆಯೇ ಮೇಲೆ ಹೋಗಬೇಕಾದ್ದು. ಅದು ನನ್ನ ಮೇಜಿನ ಮೇಲೆ, ಒಂದು ನಗುವಿನಲ್ಲಿ, ನಿಂತುಹೋಯಿತು.